ಊರನ್ನೇ ಹೊಲಿದ ಕೌದಿ: ಭೀಮಾ ದಂಡೆಯ ಒಂದು ಪ್ರಕರಣ

ನೆರೆಯಿಂದ ಮನೆ ಬಿಟ್ಟವರ ಕಾಳಜಿ ಕೇಂದ್ರಕ್ಕೆ ಮೊದಲು ಬಂದದ್ದು ಅನ್ನ, ಸಾರು. ಆಮೇಲೆ ಪಟ್ಟಣದಿಂದ ಹಳೇ ಬಟ್ಟೆಯ ಮೂಟೆಗಳು. ಅವೆಲ್ಲ ಬಂದ ಮೇಲೆ ನಾವು, ಅಂದರೆ ಕಲಬುರಗಿಯ ಕೆಲವು ಚಿತ್ರಕಲೆಯವರು ಬಂದೆವು. ಈ ಪ್ರಕರಣದಲ್ಲಿ ನಮಗಿಂತ ಆ ಮೂಟೆಗಳದ್ದೇ ದೊಡ್ಡ ಪಾತ್ರ.

ಕಾಲ 2020ರ ಅಕ್ಟೋಬರ್. ಜಾಗ ಅಫಜಲಪುರ ತಾಲ್ಲೂಕಿನ ಒಂದು ಸರ್ಕಾರಿ ಶಾಲೆ. ಊರಿನ ಹೆಸರು ಬರೆಯುವುದಿಲ್ಲ. ಅದು ಅಲ್ಲಿನ ಹೆಣ್ಣುಮಕ್ಕಳು ಹಾಕಿದ ಷರತ್ತು, ಕಾರಣ ಮುಂದೆ ಬರುತ್ತದೆ.

ಆ ತಿಂಗಳ 13ಕ್ಕೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಕಾಕಿನಾಡದ ಹತ್ತಿರ ದಡ ಮುಟ್ಟಿತು. ಅಲ್ಲಿಗೇ ತಣ್ಣಗಾಗದೆ ತೆಲಂಗಾಣ ದಾಟಿ ನಮ್ಮ ಕಡೆಗೂ ಸೊಲ್ಲಾಪುರದ ಕಡೆಗೂ ಬಂತು. ಮಳೆ ಇಲ್ಲೂ ಬಿತ್ತು, ಭೀಮಾ ಹೊಳೆಯ ಮೇಲ್ಭಾಗದಲ್ಲೂ ಬಿತ್ತು. ಮಹಾರಾಷ್ಟ್ರದ ಉಜನಿ ಜಲಾಶಯದಿಂದ, ನೀರಾ ನದಿಯ ವೀರ್ ಜಲಾಶಯದಿಂದ ನೀರು ಬಿಟ್ಟರು. ಅದೆಲ್ಲ ಸೊನ್ನ ಬ್ಯಾರೇಜಿಗೆ ಬಂದು ಕೆಳಗೆ ಹರಿಯಿತು. ಅಫಜಲಪುರ, ಜೇವರ್ಗಿ, ಚಿತ್ತಾಪುರ ತಾಲ್ಲೂಕುಗಳ ದಂಡೆ ಊರುಗಳಿಗೆ ಹೊಳೆ ನುಗ್ಗಿತು. ಹೊಲದಲ್ಲಿ ತೊಗರಿ ನಿಂತಿದ್ದ ಹೊತ್ತು ಅದು.

ಕೊರೊನಾದಿಂದಾಗಿ ಮಾರ್ಚ್‌ನಿಂದಲೇ ಶಾಲೆ ಮುಚ್ಚಿತ್ತು. ಪಾಠ ಶುರುವಾಗಬೇಕು, ಖೋಲಿ ಬಿಡಿ ಅನ್ನುವವರು ಯಾರೂ ಇರಲಿಲ್ಲ. ಹಾಗಾಗಿ ನೀರು ಇಳಿದ ಮೇಲೂ ಮಣ್ಣಿನ ಗೋಡೆ ಬಿದ್ದ ಮನೆಗಳವರು ಅಲ್ಲೇ ಉಳಿದರು. ನಮ್ಮ ಕೆಲಸ ನಡೆದದ್ದು ಇವರ ಜೊತೆ.

ಕಾನೂನಿನ ಲೆಕ್ಕದಲ್ಲಿ ಇವರು ನಿರಾಶ್ರಿತರಲ್ಲ. 1951ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ನಿರಾಶ್ರಿತರು ಅನ್ನಿಸಿಕೊಳ್ಳಬೇಕಾದರೆ ಸ್ವಂತ ದೇಶದ ಹೊರಗಿರಬೇಕು, ವಾಪಸು ಹೋದರೆ ಕಿರುಕುಳ ಆಗುತ್ತದೆ ಅನ್ನುವ ಭಯಕ್ಕೆ ತಕ್ಕ ಕಾರಣ ಇರಬೇಕು. ಭಾರತ ಅದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆ ಅಂತ ಬೇರೆ ಕಾಯ್ದೆಯೂ ನಮ್ಮಲ್ಲಿಲ್ಲ. ನೆರೆ, ಭೂಕಂಪ, ಗಲಭೆಯಿಂದ ದೇಶದೊಳಗೇ ಮನೆ ಬಿಟ್ಟವರ ಬಗ್ಗೆ ವಿಶ್ವಸಂಸ್ಥೆಯ 1998ರ ಮಾರ್ಗಸೂಚಿ ಇದೆ, ಅದರಲ್ಲಿ ಇವರು ಬರುತ್ತಾರೆ. ಆದರೂ ಇಲ್ಲಿ ನಿರಾಶ್ರಿತರ ಮಾತು ತೆಗೆಯಲು ಕಾರಣವಿದೆ. ಮನೆ ಕಳಕೊಂಡವರ ಜೊತೆ ಕೂತು ಕಲೆ ಮಾಡುವ ರೀತಿ ರಿವಾಜು ಬಹುಪಾಲು ಬೆಳೆದದ್ದು ನಿರಾಶ್ರಿತರ ಶಿಬಿರಗಳಲ್ಲಿ. ನಾವು ಓದಿಕೊಂಡು ಹೋದದ್ದೂ ಅದನ್ನೇ.

ದೋಣಿ ಚಿತ್ರಗಳು

ನಮಗಿಂತ ಮುಂಚೆ ಯಾರೋ ಸ್ವಯಂಸೇವಕರು ಬಂದು ಮಕ್ಕಳಿಗೆ ಹಾಳೆ, ಕ್ರೇಯಾನ್ ಕೊಟ್ಟು ಹೋಗಿದ್ದರು. ನೆರೆ ಬಂದಾಗ ಏನು ನೋಡಿದಿರೋ ಅದನ್ನು ಬಿಡಿಸಿ ಅಂದಿದ್ದರಂತೆ. ಶಾಲೆಯ ಗೋಡೆ ತುಂಬ ಆ ಚಿತ್ರಗಳಿದ್ದವು. ಎಲ್ಲದರಲ್ಲೂ ದೋಣಿ. ದೋಣಿಯಲ್ಲಿ ಕಿತ್ತಳೆ ಜಾಕೆಟ್ ಹಾಕಿದ ಜವಾನರು.

ತಮಾಷೆ ಅಂದರೆ ಆ ಊರಿಗೆ ದೋಣಿ ಬಂದೇ ಇರಲಿಲ್ಲ. ನೀರು ಏರುತ್ತದೆ ಅಂತ ಡಂಗುರ ಹೊಡೆಸಿದ್ದರು. ಜನ ಟ್ರ್ಯಾಕ್ಟರ್ ಹತ್ತಿ ಬಂದಿದ್ದರು. ಮತ್ತೆ ದೋಣಿ ಯಾಕೆ? ಒಬ್ಬ ಹುಡುಗ ನೇರವಾಗಿ ಹೇಳಿದ, "ದೋಣಿ ತೆಗದ್ರ ಫೋಟೋ ಹೊಡೀತಾರ್ರಿ ಸರ." ಟಿವಿಯಲ್ಲಿ ದೋಣಿ ಬರುತ್ತಿತ್ತು. ನೋಡಲು ಬಂದವರು ದೋಣಿ ಕಂಡರೆ ಶಭಾಷ್ ಅನ್ನುತ್ತಿದ್ದರು. ಮಕ್ಕಳು ಅದನ್ನು ಬೇಗ ಕಲಿತುಬಿಟ್ಟರು.

ದೊಡ್ಡವರ ಕಥೆ ಇನ್ನೂ ಕಷ್ಟ. ಒಂದೇ ಸಂಕಟವನ್ನು ತಲಾಟಿಗೆ ಹೇಳಬೇಕು, ಮನೆ ಅಳೆಯಲು ಬಂದ ಎಂಜಿನಿಯರ್‌ಗೆ ಹೇಳಬೇಕು, ತಹಶೀಲ್ದಾರರಿಗೆ, ಪಕ್ಷದವರಿಗೆ, ಕ್ಯಾಮೆರಾದವರಿಗೆ ಹೇಳಬೇಕು. ಎಲ್ಲರಿಗೂ ಒಂದೇ ಥರ ಹೇಳಬೇಕು. ಸ್ವಲ್ಪ ಹೆಚ್ಚು ಕಡಿಮೆ ಆದರೆ ಪರಿಹಾರದ ಪಟ್ಟಿಯಲ್ಲಿ ಹೆಸರು ಉಳಿಯುತ್ತೋ ಇಲ್ಲವೋ ಅನ್ನುವ ದಿಗಿಲು. ಆಗ ಪೂರ್ತಿ ಬಿದ್ದ ಮನೆಗೆ 5 ಲಕ್ಷ, ಸ್ವಲ್ಪ ಹಾನಿಯಾದ ಮನೆಗೆ 50,000. ನಡುವಿನ ಅಂತರ ಸಣ್ಣದಲ್ಲ. ಆಶ್ರಯ ಕೇಳಿ ಬಂದವರದೂ ಇದೇ ಪಾಡು. ನಮ್ಮ ದೇಶದಲ್ಲಿ ಟಿಬೆಟಿನವರ, ಶ್ರೀಲಂಕಾ ತಮಿಳರ ವಿಷಯ ಸರ್ಕಾರವೇ ನೋಡಿಕೊಳ್ಳುತ್ತದೆ. ಅಫ್ಘಾನಿಸ್ತಾನ, ಮ್ಯಾನ್ಮಾರ್, ಸೊಮಾಲಿಯಾದಂಥ ಕಡೆಯಿಂದ ಬಂದವರು ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿಯಲ್ಲಿ ಕೂತು, ಯಾಕೆ ಓಡಿಬಂದೆವು ಅಂತ ಸಂದರ್ಶನದಲ್ಲಿ ವಿವರಿಸಬೇಕು. ಕಥೆಯಲ್ಲಿ ಒಂದು ಎಳೆ ತಪ್ಪಿದರೂ ನಂಬಿಕೆ ಹೋಗಬಹುದು. ಅಂಥವರ ಕೈಗೆ ಕುಂಚ ಕೊಟ್ಟು, ಈಗ ಅದನ್ನೇ ಚಿತ್ರದಲ್ಲಿ ಹೇಳಿ ಅಂದರೆ ಅದು ಇನ್ನೊಂದು ವಿಚಾರಣೆ ಆಗುತ್ತದೆ ಅಷ್ಟೆ.

ಆದ್ದರಿಂದ ನಮ್ಮ ಗುಂಪಿನಲ್ಲಿ ಒಂದು ತೀರ್ಮಾನ ಆಯಿತು. ನೆರೆಯ ಬಗ್ಗೆ ನಾವಾಗಿ ಒಂದು ಪ್ರಶ್ನೆಯನ್ನೂ ಕೇಳಬಾರದು.

ಬಟ್ಟೆಯ ಗುಡ್ಡೆ

ಕೇಳದಿದ್ದರೆ ಮಾಡುವುದಾದರೂ ಏನು? ಅದಕ್ಕೆ ಉತ್ತರ ನಮ್ಮ ಹತ್ತಿರ ಇರಲಿಲ್ಲ. ಶಾಲೆಯ ವರಾಂಡದಲ್ಲಿ ಬಿದ್ದಿತ್ತು.

ದಾನದ ಬಟ್ಟೆ ನೋಡಿದವರಿಗೆ ಗೊತ್ತು. ಜರಿ ಹೋದ ಸೀರೆ, ಗುಂಡಿ ಇಲ್ಲದ ಅಂಗಿ, ಹರಿದ ಜೀನ್ಸ್, ಬೇಕಾದಷ್ಟು ನೈಟಿ. ಉಟ್ಟುಕೊಳ್ಳಲು ಯಾರೂ ಮುಟ್ಟಲಿಲ್ಲ. "ಮನಿ ಹೋಗ್ಯಾದ, ಮಾನ ಹೋಗಿಲ್ಲ" ಅಂದಳು ಒಬ್ಬಳು. ಗುಡ್ಡೆ ಹಾಗೇ ಬಿದ್ದಿತ್ತು. ಅದರ ಮೇಲೆ ಒಂದು ನಾಯಿ ಮಲಗುತ್ತಿತ್ತು.

ಎಲ್ಲರೂ ಆಯಿ ಅನ್ನುತ್ತಿದ್ದ ಒಬ್ಬ ಮುದುಕಿ ಒಂದು ಬೆಳಿಗ್ಗೆ ನಾಯಿ ಎಬ್ಬಿಸಿ ಅಲ್ಲಿ ಕೂತಳು. ಒಂದೊಂದೇ ಬಟ್ಟೆ ಎತ್ತಿ, ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡುತ್ತಿದ್ದಳು. ಚರ್ ಅಂತ ಹರಿದರೆ ಒಂದು ಕಡೆ, ತಡೆದರೆ ಇನ್ನೊಂದು ಕಡೆ. ನೈಲಾನ್ ಬೇರೆ, ಹತ್ತಿ ಬೇರೆ. ಏನು ಮಾಡ್ತೀರಿ ಆಯಿ ಅಂದರೆ ತಲೆ ಎತ್ತದೆ ಹೇಳಿದಳು, "ಪರಸಿ ಕಲ್ಲಿನ ಮ್ಯಾಲ ಮಲಗಿ ನಡ ಹಿಡದಾದ. ಕೌದಿ ಹೊಲೀತೀನಿ. ನೀವು ದಬ್ಬಣ ತಂದು ಕೊಡ್ರಿ."

ನಾವು ತಂದ ಬಣ್ಣ, ಹಾಳೆ ಜೀಪಿನಲ್ಲೇ ಉಳಿದವು. ಕಲಬುರಗಿಯ ಸೂಪರ್ ಮಾರ್ಕೆಟಿನಿಂದ ದಪ್ಪ ದಾರ, ಸೂಜಿ, ದಬ್ಬಣ, ಎರಡು ಒಳ್ಳೆ ಕತ್ತರಿ ತಂದೆವು.

ಕೌದಿ ಗೊತ್ತಿಲ್ಲದವರಿಗೆ ಎರಡು ಮಾತು. ಹಳೇ ಧೋತರ, ಸೀರೆಯನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತ್ಯಾಪಿ ಹಚ್ಚಿ, ಎಲ್ಲ ಪದರಕ್ಕೂ ಸೂಜಿ ಹೋಗುವ ಹಾಗೆ ಸಾಲುಸಾಲು ಹೊಲಿಯುವ ಹೊದಿಕೆ ಅದು. ಹಾಸಲೂ ಆಗುತ್ತದೆ, ಹೊದೆಯಲೂ ಆಗುತ್ತದೆ. ಇಲ್ಲಿನ ಹೆಣ್ಣುಮಕ್ಕಳು ಅಂಚಿನಿಂದ ಶುರು ಮಾಡಿ ಒಳಗೊಳಗೆ ಬರುತ್ತಾರೆ. ನಾಲ್ಕು ಅಂಚಿಗೂ ನಾಲ್ಕಾರು ಜನ ಒಟ್ಟಿಗೆ ಕೂರಬಹುದು. ಕೈ ಕೆಳಗಿರುತ್ತದೆ, ಮುಖ ಎದುರುಬದುರು. ಯಾರ ಮುಖವನ್ನೂ ನೋಡದೆ ಮಾತಾಡಬಹುದು, ಮಾತಾಡದೆಯೂ ಇರಬಹುದು. ಇದಕ್ಕಿಂತ ಒಳ್ಳೆಯ ಏರ್ಪಾಡು ನಮಗೆ ಯಾವ ಕೈಪಿಡಿಯಲ್ಲೂ ಸಿಕ್ಕಿರಲಿಲ್ಲ. ಮಾಸ್ಕ್ ಇದ್ದುದರಿಂದ ಅರ್ಧ ಮಾತು ಕೇಳುತ್ತಲೂ ಇರಲಿಲ್ಲ, ಅದು ಬೇರೆ ವಿಷಯ.

ಮೊದಲು ಹೊಲಿದವು ಬರೀ ಹೊದಿಕೆಗಳು. ಚಳಿ ಶುರುವಾಗುತ್ತಿತ್ತು. ಒಂದೊಂದು ಮನೆಯವರಿಗೆ ಒಂದೊಂದು. ಅದರಲ್ಲಿ ಚಿತ್ರವಿಲ್ಲ, ಕಥೆಯಿಲ್ಲ. ನಮ್ಮ ಜೊತೆಗಿದ್ದ ಒಬ್ಬ ಹುಡುಗ, ಕಲಾ ಕಾಲೇಜು ಮುಗಿಸಿದವನು, ಇದು ಕಲೆ ಹೇಗಾಗುತ್ತದೆ ಅಂತ ರಗಳೆ ತೆಗೆದ. ಆಗದಿದ್ದರೆ ಬೇಡ ಬಿಡು ಅಂದೆವು.

ಯಾರ ಮನೆ ಎಲ್ಲಿ

ದೊಡ್ಡ ಕೌದಿ ಹುಟ್ಟಿದ್ದು ಒಂದು ಜಗಳದಿಂದ. ಹಳೇ ಊರಿನ ಹನುಮಪ್ಪನ ಗುಡಿಯಿಂದ ಬಾವಿ ಎಡಕ್ಕೋ ಬಲಕ್ಕೋ ಅಂತ ಇಬ್ಬರು ವಾರಗಿತ್ತಿಯರಿಗೆ ಮಾತು ಬಂತು. ಒಬ್ಬಳು ಕೆಂಪು ತುಂಡು ಎತ್ತಿ ನೆಲದ ಮೇಲಿಟ್ಟಳು, ಇದು ಗುಡಿ. ಇನ್ನೊಬ್ಬಳು ಪಕ್ಕದಲ್ಲಿ ಒಂದು ಬಟ್ಟಲು ಬೋರಲು ಹಾಕಿದಳು, ಇದು ಬಾವಿ. ಆಮೇಲೆ ಹತ್ತು ಕೈ ಬಂದವು. ಮಧ್ಯಾಹ್ನದ ಹೊತ್ತಿಗೆ ಖೋಲಿಯ ನೆಲದ ಮೇಲೆ ಇಡೀ ಊರು ತುಂಡು ಬಟ್ಟೆಯಲ್ಲಿ ಹರಡಿಕೊಂಡಿತ್ತು.

ಹೊಳೆಗೆ ಒಂದು ನೀಲಿ ನೈಟಿ. ಅದನ್ನು ಕತ್ತರಿಸುವಾಗ ಎಲ್ಲರೂ ನಕ್ಕರು. ದರ್ಗಾಕ್ಕೆ ಹಸಿರು. ಗೌಡರ ವಾಡೆಗೆ ಜರಿ ಸೆರಗು ಬೇಕು ಅಂತ ಒಬ್ಬಳು, ವಾಡೆ ಬಿದ್ದು ಎಷ್ಟು ವರ್ಷ ಆಯಿತು, ಜೀನ್ಸ್ ತುಂಡು ಸಾಕು ಅಂತ ಇನ್ನೊಬ್ಬಳು. ಕೊನೆಗೆ ಜೀನ್ಸೇ ಹಚ್ಚಿದರು. ಒಂದು ಮುಸ್ಲಿಂ ಮನೆಯ ಹೆಂಗಸು, ಮಾತು ಕಮ್ಮಿ, ಎದ್ದು ಬಂದು ತನ್ನ ತುಂಡನ್ನು ಎರಡು ಬೆರಳಿನಷ್ಟು ಸರಿಸಿದಳು. "ಯಾಂಚ್ ಥಾ ಹಮಾರಾ ಘರ್." ಇಲ್ಲೇ ಇತ್ತು ನಮ್ಮ ಮನೆ ಅಂತ. ಮತ್ತೆ ಹೋಗಿ ಕೂತಳು.

ಇಲ್ಲಿಯವರೆಗೆ ಎಲ್ಲ ಸರಿ. ದಲಿತರ ಕೇರಿ ಬಂದಾಗ ಖೋಲಿ ತಣ್ಣಗಾಯಿತು.

ಕೇರಿ ಇದ್ದದ್ದು ತಗ್ಗಿನಲ್ಲಿ, ಹೊಳೆಯ ಬಾಜೂಕೆ. ಶಾಲೆಯಲ್ಲೂ ಅವರು ಕೊನೇ ಖೋಲಿಯಲ್ಲೇ ಇದ್ದರು. ಮೂಲೆಯಲ್ಲಿ ಒಂದು ಉದ್ದ ತುಂಡು ಹಚ್ಚಿದರೆ ಆಯಿತು, ಒಂದೊಂದು ಮನೆ ಯಾಕೆ ಅಂತ ಒಬ್ಬರು ಅಂದರು. ಇನ್ನೊಬ್ಬರ ತಕರಾರು ಬೇರೆ. ಕೇರಿಯವರು ಉಟ್ಟ ಸೀರೆ ತುಂಡುಗಳನ್ನೂ ಕಲಸಿ ಹೊಲಿದರೆ ಆ ಕೌದಿಯನ್ನು ಯಾರು ಹೊದೆಯಬೇಕು? ನೇರವಾಗಿ ಹಾಗೆ ಹೇಳಲಿಲ್ಲ. ಮಡಿ, ಮೈಲಿಗೆ, ಅತ್ತೆ ಬೈತಾಳ ಅಂತ ಸುತ್ತಿ ಬಳಸಿ ಹೇಳಿದರು. ಆದರೆ ಅರ್ಥ ಎಲ್ಲರಿಗೂ ಆಯಿತು.

ಕೇರಿಯ ಒಬ್ಬ ಹೆಣ್ಣುಮಗಳು ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು. ಒಳಗೆ ಬಂದು ಕೂತಳು. ಮಡಿಲಿನಿಂದ ಒಂದೊಂದೇ ತುಂಡು ತೆಗೆದಿಟ್ಟಳು, ಒಂದೊಂದು ಮನೆಗೆ ಒಂದೊಂದು. "ನೀರು ಮೊದಲ ನಮ್ಮ ಮನಿಗೇ ಬಂತು. ಹೊಳಿ ಬಾಜೂಕೇ ಇಡ್ರಿ, ಅಲ್ಲೇ ಇದ್ವು. ಆದ್ರ ಎಣಿಸಿ ಇಡ್ರಿ." ಅಷ್ಟೇ ಹೇಳಿದ್ದು.

ಇಬ್ಬರು ಎದ್ದು ಹೋದರು, ಮತ್ತೆ ಬರಲಿಲ್ಲ. ಅವರ ಮನೆಯ ಜಾಗ ಕೌದಿಯಲ್ಲಿ ಖಾಲಿ ಇದೆ, ಒಳಗಿನ ಬಿಳಿ ಧೋತರ ಕಾಣುತ್ತದೆ. ಉಳಿದವರು ಕೂತರು. ಇದರಿಂದ ಜಾತಿ ಹೋಯಿತು ಅಂತ ನಾನು ಬರೆದರೆ ಆ ಊರಿನವರೇ ನಗುತ್ತಾರೆ. ಊಟದ ಸಾಲು ಆಮೇಲೂ ಬೇರೆಯೇ ಇತ್ತು. ಇಂಥ ಕೆಲಸದ ವರದಿಗಳಲ್ಲಿ "ಸಮುದಾಯ ಒಂದಾಯಿತು" ಅನ್ನುವ ಸಾಲು ಜಾಸ್ತಿ ಸಿಗುತ್ತದೆ. ಮುಳುಗಿದ ಊರು ಮುಳುಗುವ ಮುಂಚೆ ಹೇಗಿತ್ತು ಅಂತ ಕೇಳದವರು ಮಾತ್ರ ಹಾಗೆ ಬರೆಯಬಹುದು.

ಎಣಿಸಿದ್ದರಿಂದ ಇನ್ನೊಂದು ಸಂಗತಿ ಹೊರಬಂತು. ಅಣ್ಣನ ಹಿತ್ತಲಲ್ಲಿ ಗುಡಿಸಲು ಹಾಕಿಕೊಂಡಿದ್ದ ವಿಧವೆಯೊಬ್ಬಳ ಮನೆ ಸರ್ವೆ ಪಟ್ಟಿಯಲ್ಲೇ ಇರಲಿಲ್ಲ. ಅಣ್ಣನ ಮನೆಯ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದರು. ತ್ಯಾಪಿ ಇಡುವಾಗ ಗೊತ್ತಾಗಿ, ಅರ್ಜಿ ಹೋಯಿತು. ಅದನ್ನು ಕಲೆಯ ಗೆಲುವು ಅನ್ನಲಾರೆ. ಅರ್ಜಿ ಬರೆದು, ಕಚೇರಿಗೆ ಅಲೆದವನು ಅವಳ ಅಳಿಯ.

ಆಯಿಯ ಗಂಟು

ನಾವು ಏನೂ ಕೇಳದಿದ್ದಾಗ ಬಂದ ಮಾತುಗಳಲ್ಲಿ ನೆರೆ ಕಡಿಮೆ ಇತ್ತು. ಎಮ್ಮೆ ಮಾರಿದ್ದು, ಗಂಡ ಪುಣೆಯಲ್ಲಿ ಗೌಂಡಿ ಕೆಲಸ ಬಿಟ್ಟು ಲಾಕ್‌ಡೌನ್‌ನಲ್ಲಿ ವಾಪಸು ಬಂದದ್ದು, ಮಗಳ ಮದುವೆ. ಆಯಿ ಒಂದು ದಿನ ನಿಜಾಮನ ಕಡೆಯ ರಜಾಕಾರರ ಗಲಾಟೆಯ ಮಾತು ತೆಗೆದಳು. ಆಗ ಅವಳು ಕಂಕುಳ ಕೂಸು. ಅವಳವ್ವ ಒಂದು ಕೌದಿಯಲ್ಲಿ ಜೋಳ, ತಾಮ್ರದ ತಂಬಿಗೆ ಗಂಟು ಕಟ್ಟಿಕೊಂಡು, ರಾತ್ರಿ ನಡೆದು ಸೊಲ್ಲಾಪುರದ ಕಡೆ ದಾಟಿದ್ದಳಂತೆ.

ಇದು ಸುಮ್ನೆ ಅಜ್ಜಿ ಕಥೆಯಲ್ಲ. 1948ರ ಸೆಪ್ಟೆಂಬರ್ 17ರವರೆಗೆ ಕಲಬುರಗಿ, ಬೀದರ್ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಸೊಲ್ಲಾಪುರ ಮುಂಬೈ ಪ್ರಾಂತ್ಯದಲ್ಲಿ, ಅಂದರೆ ಸ್ವತಂತ್ರ ಭಾರತದಲ್ಲಿ. ಜೀವ ಉಳಿಸಿಕೊಳ್ಳಲು ಗಡಿ ದಾಟಿದ ಜನ ನಮ್ಮಲ್ಲೇ ಇದ್ದರು, ಅವರ ಮಕ್ಕಳು ಇನ್ನೂ ಇದ್ದಾರೆ. ನಮ್ಮ ಕಡೆ ನಿರಾಶ್ರಿತರೆಲ್ಲಿ ಅಂತ ಕೇಳುವವರಿಗೆ ನಾನು ಇನ್ನೂ ಹಿಂದಕ್ಕೆ ಹೋಗಿ ಹೇಳುವುದುಂಟು: ಉರುಸಿಗೆ ಇಡೀ ಕಲಬುರಗಿ ಸೇರುತ್ತದಲ್ಲ, ಆ ಸೂಫಿ ಸಂತ ಖಾಜಾ ಬಂದೇ ನವಾಜರೇ 1398ರಲ್ಲಿ ತೈಮೂರನ ದಾಳಿಯ ಹೊತ್ತಿಗೆ ದೆಹಲಿ ಬಿಟ್ಟು ಬಂದವರು. ಆಗ ಅವರ ವಯಸ್ಸು ಎಂಬತ್ತರ ಹತ್ತಿರ.

ಆಯಿ ಆ ಗಂಟನ್ನು ಕೌದಿಯಲ್ಲಿ ಹೊಲಿಯಲಿಲ್ಲ. ಹೊಲಿ ಅಂತ ನಾವೂ ಅನ್ನಲಿಲ್ಲ. ಅನ್ನಬೇಕಿತ್ತು ಅಂತ ಆಮೇಲೆ ಒಬ್ಬ ಕಲಾ ವಿಮರ್ಶಕರು ಹೇಳಿದರು. ನನಗೆ ಹಾಗೆ ಅನ್ನಿಸುವುದಿಲ್ಲ.

ಇಲ್ಲಿ ಲಾವೋಸಿನ ಮಾಂಗ್ ಜನರ ಮಾತು ಬರಬೇಕು. 1975ರ ನಂತರ ಅವರು ಮೆಕಾಂಗ್ ನದಿ ದಾಟಿ ಥಾಯ್ಲೆಂಡಿನ ಶಿಬಿರಗಳಿಗೆ ಬಂದರು. ಅವರ ಹೆಣ್ಣುಮಕ್ಕಳು ಮೊದಲಿಂದ ಬಟ್ಟೆಯ ಮೇಲೆ ಹೂ, ಸುರುಳಿ, ಮೂಲೆ ಮೂಲೆ ಕಸೂತಿ ಹಾಕುತ್ತಿದ್ದವರು. ಶಿಬಿರದಲ್ಲಿ ಅದು ಚಿತ್ರಕಥೆ ಆಯಿತು: ವಿಮಾನ, ಸೈನಿಕರು, ನದಿ ಈಜುವ ಜನ. ಕೊಳ್ಳುವವರು ಪರದೇಶದವರು. ಅವರಿಗೆ ಹಿಡಿಸುವ ಹಾಗೆ ಬಣ್ಣ ತಿಳಿಯಾಯಿತು, ಕೆಲವದರ ಮೇಲೆ ಇಂಗ್ಲಿಷ್ ಅಕ್ಷರವೂ ಬಂತು. ಆ ಬಟ್ಟೆಗಳು ಎಷ್ಟೋ ಮನೆಗಳ ಒಲೆ ಉರಿಸಿದವು, ಅದನ್ನು ಹಗುರಾಗಿ ಕಾಣಬಾರದು. ಆದರೆ ನದಿ ದಾಟುವ ದೃಶ್ಯ ಮತ್ತೆ ಮತ್ತೆ ಬಂದದ್ದು ನೆನಪಿಗಾಗಿಯೋ ಗಿರಾಕಿಗಾಗಿಯೋ? ನಮ್ಮ ಶಾಲೆಯ ಗೋಡೆಯ ದೋಣಿಗಳನ್ನು ನೋಡಿದ ಮೇಲೆ ನನಗೆ ಈ ಅನುಮಾನ ಬಿಟ್ಟಿಲ್ಲ.

ಕೂಲಿ, ಪ್ರದರ್ಶನ, ಷರತ್ತು

ಕೂಲಿಯ ಮಾತು ತೆಗೆದವರು ಅವರೇ. ಆ ವರ್ಷ ಉದ್ಯೋಗ ಖಾತ್ರಿಯಲ್ಲಿ ದಿನಕ್ಕೆ 275 ರೂಪಾಯಿ. ಅವರು ಹಾಕಿದ ಲೆಕ್ಕ ಹೀಗಿತ್ತು: ನಾವು ಹೊದೆಯುವ ಕೌದಿಗೆ ಕೂಲಿ ಬೇಡ, ನೀವು ನಾಲ್ಕು ಜನಕ್ಕೆ ತೋರಿಸುವ ಕೌದಿಗೆ ಕೂಲಿ ಕೊಡಬೇಕು. ದುಡ್ಡು ಕೊಟ್ಟರೆ ಸಮುದಾಯ ಕಲೆಯ ಮನಸ್ಸೇ ಕೆಡುತ್ತದೆ ಅನ್ನುವವರಿದ್ದಾರೆ. ಹಾಗೆ ಅನ್ನುವವರಿಗೆ ಸಾಮಾನ್ಯವಾಗಿ ತಿಂಗಳ ಸಂಬಳ ಇರುತ್ತದೆ. ಕೊಟ್ಟೆವು.

ಕೌದಿ ಮುಗಿಯುವ ಹೊತ್ತಿಗೆ ಸುದ್ದಿ ಹಬ್ಬಿತು. ನೋಡಲು ಬಂದ ಒಬ್ಬ ಅಧಿಕಾರಿ ಚೆನ್ನಾಗಿದೆ ಅಂದು, ಮಂತ್ರಿಗಳು ಬಂದಾಗ ಶಾಲಿನ ಬದಲು ಇದನ್ನೇ ಹೊದಿಸಬಹುದಲ್ಲ ಅಂದರು. ಪಾಪ, ಒಳ್ಳೇ ಮನಸ್ಸಿನಿಂದಲೇ ಹೇಳಿದ್ದು. ಆಯಿ ಕೇಳಿದಳು, "ಸಾಹೇಬ್ರ, ಅವರಿಗೆ ಥಂಡಿ ಆಗ್ಯಾದೇನು?" ಮಾತು ಅಲ್ಲಿಗೆ ಮುಗಿಯಿತು.

ನಗರದಲ್ಲಿ ತೋರಿಸುವ ಬಗ್ಗೆ ಮಾತ್ರ ಸುಲಭಕ್ಕೆ ಮುಗಿಯಲಿಲ್ಲ. ಕಲಬುರಗಿ ಚಿತ್ರಕಲೆಗೆ ಹೊಸ ಊರಲ್ಲ. ಎಸ್.ಎಂ. ಪಂಡಿತರ ಊರು ಇದು, ಅವರ ಹೆಸರಿನ ರಂಗಮಂದಿರವೂ ಇದೆ. ನೋಡುವ ಜನ ಇದ್ದಾರೆ. ಕೆಲವು ಹೆಣ್ಣುಮಕ್ಕಳಿಗೆ ತೋರಿಸಬೇಕು ಅಂತಲೇ ಇತ್ತು. ಕೆಲವರಿಗೆ ಸುತರಾಂ ಬೇಡ. ಎರಡು ಸಂಜೆ ವಾದ ನಡೆದು, ಬಾಯಿಮಾತಿನಲ್ಲಿ ಷರತ್ತು ಹಾಕಿದರು. ಊರಿನ ಹೆಸರು ಎಲ್ಲೂ ಬರಬಾರದು. ಯಾರ ಮುಖದ ಫೋಟೋ ಬೇಡ. ಪಕ್ಕದಲ್ಲಿ ದೇಣಿಗೆ ಡಬ್ಬಿ ಇಡಬಾರದು. ಎಳ್ಳಮಾವಾಸ್ಯೆಗೆ ವಾಪಸು ಬರಬೇಕು.

ಹೆಸರು ಯಾಕೆ ಬೇಡ ಅಂದರೆ, ಮದುವೆ. "ಹೊಳಿ ಬರೋ ಊರಿಗೆ ಹೆಣ್ಣು ಕೊಡಾಂಗಿಲ್ಲ ಅಂತಾರ್ರಿ. ನೀವು ಬೋರ್ಡ್ ಹಾಕಿದ್ರ ನಮ್ಮ ಹುಡುಗರು ಹಂಗೇ ಉಳೀತಾರ." ಇದು ನಮ್ಮ ತಲೆಗೆ ಹೊಳೆಯುವ ಕಾರಣವೇ ಅಲ್ಲ. ಆಶ್ರಯ ಕೇಳಿ ಬಂದವರ ಚಿತ್ರಗಳಿಗೆ ಹೆಸರು ಹಾಕದಿರುವುದು ಸಾಮಾನ್ಯ, ಹಿಂದೆ ಉಳಿದ ಬಂಧುಗಳಿಗೆ ತೊಂದರೆ ಆಗಬಾರದು ಅಂತ. ಇಲ್ಲಿ ತೊಂದರೆ ಮುಂದೆ ಬರುವ ಸೊಸೆಯಂದಿರ ವಿಷಯದಲ್ಲಿ.

ಚಿಕ್ಕದಾಗಿ ತೋರಿಸಿದೆವು. ಕೊರೊನಾ ಕಾಲ, ಜನ ಕಡಿಮೆ. ಒಬ್ಬರು 15,000 ಕೊಡುತ್ತೇನೆ ಅಂದರು. ಫೋನಿನಲ್ಲಿ ಕೇಳಿದಾಗ ಅರ್ಧ ಜನ ಕೊಟ್ಟುಬಿಡ್ರಿ ಅಂದರು, ಅರ್ಧ ಜನ ಬೇಡ ಅಂದರು. ಒಮ್ಮತ ಇಲ್ಲದ್ದರಿಂದ ಮಾರಲಿಲ್ಲ. ಕೊಟ್ಟುಬಿಡಿ ಅಂದವರಿಗೆ ಇವತ್ತಿಗೂ ಆ ಸಿಟ್ಟಿದೆ. ಅವರ ಸಿಟ್ಟು ನ್ಯಾಯವಾದದ್ದೇ. ಮನೆ ಬಿದ್ದವರಿಗೆ 15,000 ಸಣ್ಣ ಮೊತ್ತವಲ್ಲ.

ಆಮೇಲೆ

ಎಳ್ಳಮಾವಾಸ್ಯೆಗೆ ಮುಂಚೆ ಕೌದಿ ವಾಪಸು ಹೋಯಿತು. ಕೊನೆಯ ಮೂಲೆಯನ್ನು ಆಯಿ ಹೊಲಿಯದೆ ಬಿಟ್ಟಿದ್ದಳು. ಅದರೊಳಗೆ ಒಂದು ಚೂರು ಸಜ್ಜೆ ರೊಟ್ಟಿ ಇಟ್ಟು ಮುಚ್ಚಿದಳು. ಹಸಿದ ಕೌದಿ ಹೊದ್ದರೆ ನಿದ್ದೆ ಬರುವುದಿಲ್ಲ ಅನ್ನುವುದು ಅವಳ ಮಾತು. ಆ ವಾಸನೆಗೆ ಇಲಿ ಬಂದು ಮೂಲೆ ಕಡಿದು ಹಾಕಿತು ಅಂತ ಆಮೇಲೆ ಸೊಸೆ ಗೊಣಗಿದಳು. ಅಲ್ಲಿ ಈಗ ಬೇರೆ ತ್ಯಾಪಿ ಇದೆ.

ಊರು ಎತ್ತರದ ಜಾಗಕ್ಕೆ ಹೋಗಬೇಕೋ ಬೇಡವೋ ಅನ್ನುವುದು ತೀರ್ಮಾನವಾಗಿಲ್ಲ. ಹೊಲ ದೂರ ಆಗುತ್ತದೆ ಅಂತ ಕೆಲವರು ಹಳೇ ಜಾಗದಲ್ಲೇ ಗೋಡೆ ಎಬ್ಬಿಸಿದ್ದಾರೆ. ಕೌದಿ ಯಾರ ಮನೆಯಲ್ಲಿರಬೇಕು ಅನ್ನುವ ವಾದವೂ ಹಾಗೇ ಇದೆ. ಸದ್ಯಕ್ಕೆ ಬಾಣಂತಿ ಇರುವ ಮನೆಗೆ ಹೋಗುತ್ತದೆ, ಕೇರಿಯ ಮನೆಗಳಿಗೂ ಹೋಗಿದೆಯಂತೆ. ಅಲ್ಲಿಂದ ಮೇಲಿನ ಓಣಿಗೆ ಬರುವಾಗ ಒಗೆಯುತ್ತಾರೆ, ಮೇಲಿನ ಓಣಿಯಿಂದ ಕೇರಿಗೆ ಹೋಗುವಾಗ ಒಗೆಯುವುದಿಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಭೀಮಾ ಮತ್ತೆ ತುಂಬಿ ಬಂತು. ಜೇವರ್ಗಿ ಕಡೆಯ ಇನ್ನೊಂದು ಊರಿನ ಹೆಣ್ಣುಮಕ್ಕಳಿಗೆ ಈ ಕೌದಿಯ ಸುದ್ದಿ ಮುಟ್ಟಿತ್ತು. ದಾರ, ದಬ್ಬಣ ತಗೊಂಡು ಹೋದೆವು. ಅವರು ನಮ್ಮನ್ನು ಕೂರಿಸಿ ಚಹಾ ಕೊಟ್ಟು ಮಾತು ಮುಗಿಸಿದರು, "ಅಕ್ಕೋರೆ, ನಮಗ ಊರಿಂದು ಚಿತ್ರ ಬ್ಯಾಡ್ರಿ. ಹೊಲಿಗಿ ಮಷೀನ್ ಎರಡು ಹೊಳಿಗೆ ಹೋಗ್ಯಾವ. ಅವನ್ನ ಕೊಡಸ್ರಿ." ಒಂದಕ್ಕೆ ದುಡ್ಡು ಹೊಂದಿದೆ. ಇನ್ನೊಂದನ್ನು ಯಾರ ಹತ್ತಿರ ಕೇಳುವುದು ಅಂತ ನೋಡುತ್ತಿದ್ದೇವೆ.